ಲ್ಯಾಗ್ ಯಾವುದು, ಕಳ್ಳಾಟ ಯಾವುದು?

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಒಂದಷ್ಟು ಹುಡುಗರು, ಮಂಗಳೂರು ಬೆಂಗಳೂರುಗಳಲ್ಲಿ ಓದುತ್ತಿರುವ ಅವರ ಅಣ್ಣಂದಿರು ಅಕ್ಕಂದಿರು, ಗಲ್ಫಿನಲ್ಲಿರುವ ಕೆಲವು ಬಂಧುಗಳು, ಎಲ್ಲರೂ ಸೇರಿ ರಜಾದಿನಗಳ ರಾತ್ರಿ ಸೂಪರ್‌ಟಕ್ಸ್‌ಕಾರ್ಟ್ ಎಂಬ ಕಾರ್ ರೇಸ್ ಆಡುತ್ತಾರೆ. ಅದರ ಸರ್ವರನ್ನು, ಅಂದರೆ ಎಲ್ಲರ ಯಂತ್ರಗಳನ್ನು ಜೋಡಿಸುವ ಕಂಪ್ಯೂಟರನ್ನು, ನಡೆಸುವ ಹೊಣೆ ನನ್ನದು. ಕೂಟ ಸಣ್ಣದು. ಆದರೆ ಅಲ್ಲಿ ಏಳುವ ತಕರಾರು ಲಕ್ಷಾಂತರ ಜನ ಆಡುವ ದೊಡ್ಡ ಆಟಗಳಲ್ಲಿ ಏಳುವಂಥದ್ದೇ: ಮುಂದೆ ಹೋದವನು ಮೋಸ ಮಾಡಿದ್ದಾನೆ, ಅವನನ್ನು ಬ್ಯಾನ್ ಮಾಡಬೇಕು. ಈ ಬೇಡಿಕೆ ಬಂದಾಗಲೆಲ್ಲ ನಾನು ಹಿಡಿದುಕೊಂಡಿರುವ ನಿಯಮ ಒಂದೇ. ಸರ್ವರ್ ತನ್ನ ಬಳಿ ಇರುವ ದಾಖಲೆಯಿಂದ ಮತ್ತೊಮ್ಮೆ ಲೆಕ್ಕ ಹಾಕಿ ತೋರಿಸಬಲ್ಲ ಸಾಕ್ಷ್ಯವಿದ್ದರೆ ಮಾತ್ರ ಒಬ್ಬನನ್ನು ಹೊರಹಾಕಬೇಕು; ನೋಡುವವರ ಕಣ್ಣಿಗೆ ಸಂಶಯ ಬಂತೆಂಬ ಕಾರಣಕ್ಕೆ ಹೊರಹಾಕಬಾರದು. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ಕುಳಿತು ಆಡುವವರಿಗೆ ಈ ನಿಯಮ ಎಷ್ಟು ಮುಖ್ಯ ಎಂಬುದನ್ನು ವಿವರವಾಗಿ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಆನ್‌ಲೈನ್ ರೇಸಿನಲ್ಲಿ ಮೊದಲು ಅರ್ಥವಾಗಬೇಕಾದ ಪ್ರಶ್ನೆ, ಕಾರು ಎಲ್ಲಿದೆ ಎಂದು ಹೇಳುವ ಅಧಿಕಾರ ಯಾರದು ಎಂಬುದು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಸೆಕೆಂಡಿಗೆ ಸುಮಾರು 83 ಮೀಟರ್ ಸಾಗುತ್ತದೆ. ನನ್ನ ಕಂಪ್ಯೂಟರಿನಿಂದ ಹೊರಟ ಸುದ್ದಿ ಎದುರಾಳಿಯ ಕಂಪ್ಯೂಟರ್ ತಲುಪಲು 100 ಮಿಲಿಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಕಾರು ಎಂಟು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ, ಅಂದರೆ ಒಂದು ಫಾರ್ಮುಲಾ ವನ್ ಕಾರಿನ ಉದ್ದಕ್ಕಿಂತಲೂ ಹೆಚ್ಚು. ಎದುರಾಳಿಯ ಪರದೆಯ ಮೇಲೆ ಕಾಣುವ ನನ್ನ ಕಾರು ನಿಜವಾಗಿ ಅಲ್ಲಿ ಇರುವುದಿಲ್ಲ. ಹಳೆಯ ಸುದ್ದಿಯ ಆಧಾರದಲ್ಲಿ ಅವನ ಕಂಪ್ಯೂಟರ್ ಮಾಡಿದ ಊಹೆ ಅದು. ಹೊಸ ಸುದ್ದಿ ಬಂದು ಊಹೆ ತಪ್ಪೆಂದು ಗೊತ್ತಾದಾಗ ಕಾರು ಥಟ್ಟನೆ ಪಕ್ಕಕ್ಕೆ ಹಾರುತ್ತದೆ. ಕಳ್ಳಾಟದ ದೂರುಗಳಲ್ಲಿ ಬಹುಪಾಲು ಈ ಹಾರಾಟವನ್ನು ನೋಡಿ ಹುಟ್ಟಿದವು ಎಂಬುದು ನನ್ನ ಅನುಭವ.

ಲ್ಯಾಗ್ ಎಂದು ಕರೆಯುವ ಈ ತಡವನ್ನು ಆಡುವವನಿಗೆ ಗೊತ್ತಾಗದಂತೆ ಮಾಡಲು ಹಲವು ಆಟಗಳು ಸುಲಭದ ದಾರಿ ಹಿಡಿಯುತ್ತವೆ: ನಿನ್ನ ಕಾರಿನ ಸ್ಥಾನವನ್ನು ನಿನ್ನ ಕಂಪ್ಯೂಟರೇ ಹೇಳಲಿ, ಉಳಿದವರು ನಂಬಲಿ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ, ಆಟ ಹಿತವಾಗಿರುತ್ತದೆ. ಆದರೆ ಕಳ್ಳನಿಗೆ ಬಾಗಿಲು ತೆರೆಯುವುದೂ ಅಲ್ಲಿಯೇ. 2008ರಲ್ಲಿ ಬಂದ ಮಾರಿಯೋ ಕಾರ್ಟ್ ವೀ ಆಟದಲ್ಲಿ ರೇಸು ನಡೆಯುತ್ತಿದ್ದದ್ದು ಆಟಗಾರರ ಯಂತ್ರಗಳ ನಡುವೆ ನೇರವಾಗಿ. 2014ರ ಮೇ 20ರಂದು ನಿಂಟೆಂಡೋ ಅದರ ಅಧಿಕೃತ ಆನ್‌ಲೈನ್ ಸೇವೆಯನ್ನು ನಿಲ್ಲಿಸುವವರೆಗೂ ಅದು ಕಳ್ಳಾಟಕ್ಕೆ ಹೆಸರಾಗಿಯೇ ಉಳಿಯಿತು. ನಮ್ಮ ಕಡೆಯ ಕಂಬಳದಲ್ಲಿ ಓಟ ಮುಗಿದ ಕಾಲವನ್ನು ಕೋಣಗಳ ಯಜಮಾನನ ಬಾಯಿಂದ ಕೇಳಿ ಬರೆದುಕೊಳ್ಳುವುದಿಲ್ಲ, ಓಟ ಮುಗಿಯುವ ಮಂಜೊಟ್ಟಿಯ ಬಳಿ ಹಾಯಿಸಿದ ಲೇಸರ್ ಬೆಳಕು ಅದನ್ನು ತೀರ್ಮಾನಿಸುತ್ತದೆ. ರೇಸಿಂಗ್ ಆಟದ ಸರ್ವರಿಗೂ ಅಷ್ಟು ಅಧಿಕಾರ ಇರಲೇಬೇಕು.

ಸೂಪರ್‌ಟಕ್ಸ್‌ಕಾರ್ಟಿನಲ್ಲಿ ಆ ಅಧಿಕಾರ ಸರ್ವರಿನದು. 2019ರ ಏಪ್ರಿಲಿನಲ್ಲಿ ಬಂದ 1.0 ಆವೃತ್ತಿಯಿಂದ ಈ ಆಟವನ್ನು ಇಂಟರ್ನೆಟ್ಟಿನಲ್ಲಿ ಆಡಬಹುದು. ಆಟಗಾರನ ಯಂತ್ರ ಕಳುಹಿಸುವುದು ಯಾವ ಕ್ಷಣದಲ್ಲಿ ಎಡಕ್ಕೆ ಒತ್ತಿದ, ಯಾವಾಗ ಬ್ರೇಕ್ ಹಾಕಿದ ಎಂಬ ಆಜ್ಞೆಗಳನ್ನು ಮಾತ್ರ. ಸರ್ವರ್ ತಾನೂ ಅದೇ ರೇಸನ್ನು ಸೆಕೆಂಡಿಗೆ 120 ಹೆಜ್ಜೆಗಳಂತೆ ಲೆಕ್ಕ ಹಾಕುತ್ತಾ, ಎಲ್ಲ ಕಾರುಗಳ ನಿಜವಾದ ಸ್ಥಿತಿಯನ್ನು ಆಗಾಗ ಎಲ್ಲರಿಗೂ ಕಳುಹಿಸುತ್ತದೆ. ಆಟಗಾರನ ಯಂತ್ರದ ಊಹೆ ಅದಕ್ಕೆ ಹೊಂದದಿದ್ದರೆ ಯಂತ್ರ ಹಿಂದಕ್ಕೆ ಹೋಗಿ, ಸರಿಯಾದ ಸ್ಥಿತಿಯಿಂದ ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ. ಈ ಆಟದ ಸೋರ್ಸ್ ಕೋಡ್ ಯಾರಿಗೆ ಬೇಕಾದರೂ ಸಿಗುವುದರಿಂದ ಆಟಗಾರನ ಕೈಯಲ್ಲಿರುವ ಪ್ರತಿಯನ್ನು ನಂಬುವ ಮಾತೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಅದರ ಬಲ. ಕೋಡನ್ನು ಬಚ್ಚಿಟ್ಟ ಆಟಗಳಲ್ಲಿಯೂ ಮೆಮೊರಿಯಲ್ಲಿರುವ ವೇಗದ ಅಂಕಿಯನ್ನು ಹುಡುಕಿ ಬದಲಾಯಿಸುವವರು ಇದ್ದೇ ಇರುತ್ತಾರೆ. ನಂಬಿಕೆಯನ್ನು ಬಚ್ಚಿಡುವಿಕೆಯ ಮೇಲೆ ಕಟ್ಟಿದರೆ ಅದು ಒಂದು ದಿನ ಕುಸಿಯುತ್ತದೆ.

ಆಟಗಾರನ ಯಂತ್ರಕ್ಕೇ ಅಧಿಕಾರ ಕೊಟ್ಟ ಆಟಗಳಲ್ಲಿ ಹೆಚ್ಚಾಗಿ ಕಾಣುವುದು ವೇಗದ ಕಳ್ಳಾಟ. ಕಾರಿನ ವೇಗವನ್ನು ನೇರವಾಗಿ ಹೆಚ್ಚಿಸಿದರೆ ಸಿಕ್ಕಿಬೀಳುತ್ತೇವೆಂದು ಗೊತ್ತಿರುವವರು ಗಡಿಯಾರಕ್ಕೆ ಕೈಹಾಕುತ್ತಾರೆ. ಕಾಲ ಎಷ್ಟಾಯಿತೆಂದು ಆಟ ವಿಂಡೋಸನ್ನು ಕೇಳುತ್ತದೆ. ನಡುವೆ ಕುಳಿತ ಕಳ್ಳ ಪ್ರೋಗ್ರಾಂ ಸುಳ್ಳು ಉತ್ತರ ಕೊಡುತ್ತದೆ, ಆಟ ಇಡಿಯಾಗಿ ಸ್ವಲ್ಪ ಬೇಗ ಓಡುತ್ತದೆ. ಸ್ಪೀಡೋಮೀಟರಿನಲ್ಲಿ ಏನೂ ಅಸಹಜ ಕಾಣುವುದಿಲ್ಲ. ಆದರೆ ಇದನ್ನು ಹಿಡಿಯಲು ಒಂದು ಒಳ್ಳೆಯ ಉಪಾಯವಿದೆ. ಯಂತ್ರ ಕಳುಹಿಸುವ ಪ್ರತಿ ಪ್ಯಾಕೆಟ್ಟಿನಲ್ಲಿ, ಅಂದರೆ ಸುದ್ದಿಯ ತುಣುಕಿನಲ್ಲಿ, ಆಟದ ಹೆಜ್ಜೆಯ ಸಂಖ್ಯೆ ಇರುತ್ತದೆ; ಸರ್ವರ್ ಅದನ್ನು ತನ್ನ ಗಡಿಯಾರಕ್ಕೆ ಹೋಲಿಸಿ ನೋಡಬಹುದು. ಕಳ್ಳ ಬರೀ ಶೇಕಡಾ 2ರಷ್ಟು ವೇಗ ಹೆಚ್ಚಿಸಿಕೊಂಡನೆನ್ನಿ, ಮೂರು ನಿಮಿಷಗಳ ರೇಸಿನ ಕೊನೆಗೆ ಅವನ ಗಡಿಯಾರ 3.6 ಸೆಕೆಂಡ್ ಮುಂದಿರುತ್ತದೆ. ಪ್ರಾಮಾಣಿಕನ ಕಂಪ್ಯೂಟರಿನ ಕ್ವಾರ್ಟ್ಸ್ ಗಡಿಯಾರ ಹತ್ತು ಲಕ್ಷದಲ್ಲಿ 50 ಪಾಲು ತಪ್ಪಿದರೂ ಅಷ್ಟೇ ಅವಧಿಯಲ್ಲಿ ಆಗುವ ವ್ಯತ್ಯಾಸ 9 ಮಿಲಿಸೆಕೆಂಡ್ ಮಾತ್ರ.

ನೆಟ್‌ವರ್ಕಿನ ಏರಿಳಿತ ಈ ಲೆಕ್ಕವನ್ನು ಕೆಡಿಸುವುದಿಲ್ಲವೇ ಎಂದು ಕೇಳಬಹುದು. ಕೆಡಿಸುವುದಿಲ್ಲ, ಮತ್ತು ಅದಕ್ಕೆ ಕಾರಣವನ್ನು ಗಮನವಿಟ್ಟು ನೋಡಬೇಕು. ಕೆಟ್ಟ ನೆಟ್‌ವರ್ಕ್ ಪ್ಯಾಕೆಟ್ಟನ್ನು ತಡಮಾಡಬಲ್ಲದು, ಕಳೆದುಹಾಕಬಲ್ಲದು, ಹಿಂದುಮುಂದು ಮಾಡಬಲ್ಲದು. ಇನ್ನೂ ಬಾರದ ಕಾಲದ ಪ್ಯಾಕೆಟ್ಟನ್ನು ತಂದುಕೊಡಲಾರದು. ತಡ ಏರುತ್ತದೆ, ಇಳಿಯುತ್ತದೆ, ಆದರೆ ರೇಸಿನುದ್ದಕ್ಕೂ ಒಂದೇ ದಿಕ್ಕಿನಲ್ಲಿ ಮುಂದಕ್ಕೆ ಬೆಳೆಯುತ್ತಾ ಹೋಗುವುದಿಲ್ಲ. ತಿದ್ದಿದ ಗಡಿಯಾರದ ಅಂತರವಾದರೋ ಪ್ರತಿ ಸೆಕೆಂಡೂ ಕೂಡುತ್ತಲೇ ಹೋಗುತ್ತದೆ. ಹೀಗಾಗಿ ಎಂಥ ಹರಕು ಸಂಪರ್ಕದವನಾದರೂ ಈ ಪರೀಕ್ಷೆಯಲ್ಲಿ ತಪ್ಪಾಗಿ ಸಿಕ್ಕಿಬೀಳುವ ಭಯವಿಲ್ಲ. ನಾನು ಮೆಚ್ಚುವುದು ಇಂಥ ಪರೀಕ್ಷೆಗಳನ್ನು.

ಭೌತಶಾಸ್ತ್ರದ ಮಿತಿಗಳನ್ನು ನೋಡುವ ಪರೀಕ್ಷೆಯೂ ಒಳ್ಳೆಯದೇ, ಆದರೆ ಅದನ್ನು ಬಳಸುವಾಗ ಎಚ್ಚರ ಬೇಕು. 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ, ಟಯರಿನ ಘರ್ಷಣೆಯ ಗುಣಾಂಕ 1 ಇದ್ದರೆ, ಕಾರು ಸೆಕೆಂಡಿಗೆ ಸುಮಾರು 22 ಮೀಟರಿಗಿಂತ, ಎಂದರೆ ಗಂಟೆಗೆ 80 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಜಾರದೆ ತಿರುಗಲಾರದು. ಒಬ್ಬ ಅಲ್ಲಿ 120ರಲ್ಲಿ ತಿರುಗಿದ್ದರೆ ಏನೋ ಸರಿಯಿಲ್ಲ. ಆದರೆ ಆಟದಲ್ಲಿ ವೇಗ ಏರಿಸುವ ನೈಟ್ರೋ ಇರುತ್ತದೆ, ಇಳಿಜಾರು ಇರುತ್ತದೆ, ಹಿಂದಿನಿಂದ ಬಂದು ಗುದ್ದಿದವನ ತಳ್ಳಾಟವೂ ಇರುತ್ತದೆ. ಒಂದು ಕ್ಷಣದ ವೇಗವನ್ನು ಮಾತ್ರ ನೋಡಿ ತೀರ್ಪು ಕೊಟ್ಟರೆ ಗುದ್ದಿಸಿಕೊಂಡವನೇ ಅಪರಾಧಿಯಾಗುತ್ತಾನೆ. ಟ್ರ್ಯಾಕ್ ಬಿಟ್ಟು ಅಡ್ಡದಾರಿ ಹಿಡಿಯುವವರನ್ನು ತಡೆಯುವುದು ಇದಕ್ಕಿಂತ ಸುಲಭ: ಟ್ರ್ಯಾಕಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಗೆರೆಗಳನ್ನು ಎಳೆದು, ಅವನ್ನೆಲ್ಲ ಕ್ರಮವಾಗಿ ದಾಟಿದರೆ ಮಾತ್ರ ಲ್ಯಾಪ್ ಲೆಕ್ಕಕ್ಕೆ ಬರುವಂತೆ ಮಾಡಿದರೆ ಆಯಿತು.

ದಾಖಲೆಯಿಂದ ಮತ್ತೆ ಲೆಕ್ಕ ಹಾಕುವ ವಿಧಾನಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಟ್ರ್ಯಾಕ್‌ಮೇನಿಯಾ ಎಂಬ ಕಾರ್ ರೇಸ್ ಆಟ. ಅದರ ಹಳೆಯ ಆವೃತ್ತಿಗಳಲ್ಲಿ ಭೌತಿಕ ಲೆಕ್ಕ 10 ಮಿಲಿಸೆಕೆಂಡಿಗೊಮ್ಮೆ ನಡೆಯುತ್ತದೆ, ಅದೇ ಆಜ್ಞೆಗಳನ್ನು ಕೊಟ್ಟರೆ ಅದೇ ಓಟ ಮರಳಿ ಬರುತ್ತದೆ, ಓಟವನ್ನು ಮತ್ತೆ ನೋಡಲು ಉಳಿಸಿದ ರಿಪ್ಲೇ ಫೈಲಿನಲ್ಲಿ ಆ ಆಜ್ಞೆಗಳು ಉಳಿದಿರುತ್ತವೆ. 2021ರಲ್ಲಿ ಆ ಆಟದ ಬಳಗದವರೇ ಹಳೆಯ ರಿಪ್ಲೇಗಳನ್ನು ಕೆದಕಿ, ವಿಶ್ವದಾಖಲೆಗಳೆಂದು ಮೆರೆದಿದ್ದ ಹಲವು ಓಟಗಳು ಆಟವನ್ನು ನಿಧಾನಗೊಳಿಸಿ ಆಡಿದವು ಎಂದು ತೋರಿಸಿದರು. ಆಟವನ್ನು ನಿಧಾನ ಮಾಡಿಕೊಂಡರೆ ಯೋಚಿಸಲು, ತಿದ್ದಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ. ಆಮೇಲೆ ರಿಪ್ಲೇ ಸಹಜ ವೇಗದಲ್ಲಿಯೇ ಓಡುತ್ತದೆ. ಓಟದಲ್ಲಿ ಅಸಾಧ್ಯವಾದದ್ದು ಏನೂ ಇರುವುದಿಲ್ಲ. ಸಿಕ್ಕಿಬಿದ್ದದ್ದು ಬೆರಳುಗಳು. ಆಟವನ್ನು ಶೇಕಡಾ 60ರ ವೇಗಕ್ಕೆ ಇಳಿಸಿ ಆಡಿದವನ ಸ್ಟಿಯರಿಂಗ್ ತಿದ್ದುಪಡಿಗಳು ಸಹಜ ವೇಗದ ರಿಪ್ಲೇಯಲ್ಲಿ ಸುಮಾರು 1.7 ಪಟ್ಟು ದಟ್ಟವಾಗಿ ಕಾಣುತ್ತವೆ. ಅದೇ ವ್ಯಕ್ತಿ ಜನರೆದುರು ನೇರ ಪ್ರಸಾರದಲ್ಲಿ ಆಡಿದ ಓಟಗಳ ಜತೆ ಇವನ್ನು ಇಟ್ಟು ನೋಡಿದಾಗ, ಇವು ಒಂದೇ ಕೈಯ ಕೆಲಸ ಒಂದೇ ವೇಗದಲ್ಲಿ ಆದದ್ದೆಂದು ಯಾರೂ ಹೇಳುವಂತಿರಲಿಲ್ಲ. ವರ್ಷಗಳ ಹಿಂದಿನ ಫೈಲುಗಳು ಉಳಿದಿದ್ದರಿಂದಲೇ ಸತ್ಯ ಹೊರಬಂತು. ಆದುದರಿಂದ ಪ್ರತಿ ರೇಸಿನ ಆಜ್ಞೆಗಳನ್ನೂ ಸರ್ವರಿನಲ್ಲಿ ಕೂಡಿಡಬೇಕೆಂದು ನಾನು ಹಟ ಹಿಡಿಯುತ್ತೇನೆ. ವಿಡಿಯೋಗೆ ಹೋಲಿಸಿದರೆ ಅವು ತೆಗೆದುಕೊಳ್ಳುವ ಜಾಗ ಏನೇನೂ ಅಲ್ಲ. ಎಲ್ಲ ಆಟಗಳಲ್ಲೂ ಇದು ಸಾಧ್ಯವಿಲ್ಲ ಎಂಬುದನ್ನೂ ಹೇಳಬೇಕು. ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಕಂಪೈಲರುಗಳಲ್ಲಿ ದಶಮಾಂಶದ ಲೆಕ್ಕ ಕೊನೆಯ ಅಂಕಿಯಲ್ಲಿ ಬೇರೆಯಾಗಬಹುದು, ಆ ಸಣ್ಣ ವ್ಯತ್ಯಾಸ ಹತ್ತಾರು ತಿರುವುಗಳ ಬಳಿಕ ಕಾರನ್ನು ಬೇರೆಯೇ ಜಾಗದಲ್ಲಿ ನಿಲ್ಲಿಸಬಹುದು.

ಇನ್ನು ಲ್ಯಾಗಿನ ವಿಷಯ. ನಮ್ಮ ಕೂಟದಲ್ಲಿ ಅತಿ ಹೆಚ್ಚು ಮನಸ್ತಾಪ ತಂದದ್ದು ಇದೇ. ಲ್ಯಾಗ್ ಸ್ವಿಚ್ ಎಂಬ ಕಳ್ಳಾಟವೊಂದಿದೆ: ಬೇಕಾದ ಹೊತ್ತಿಗೆ ಸಂಪರ್ಕವನ್ನು ಒಂದೆರಡು ಸೆಕೆಂಡ್ ತಾನೇ ಕಡಿದು, ಆ ನಡುವೆ ಎದುರಾಳಿಗಳ ಅಡ್ಡಿಯಿಲ್ಲದೆ ಮುಂದೆ ಹೋಗಿ, ಮತ್ತೆ ಸಂಪರ್ಕ ಕೊಡುವುದು. ನೋಡುವವರಿಗೆ ಕಾಣುವುದು ನಿಂತಂತೆ ಇದ್ದ ಕಾರು ಇದ್ದಕ್ಕಿದ್ದಂತೆ ಮುಂದೆ ಪ್ರತ್ಯಕ್ಷವಾಗುವುದು. ಕಾಸರಗೋಡಿನ ಮಳೆಗಾಲದಲ್ಲಿ ಪ್ರಾಮಾಣಿಕವಾಗಿ ಆಡುವವನ ಕಾರೂ ಹೀಗೆಯೇ ಹಾರುತ್ತದೆ. ತೆಂಗಿನ ಮಡಲು ಬಿದ್ದು ಕೇಬಲ್ ಜಗ್ಗಿರುತ್ತದೆ, ಕರೆಂಟು ಹೋಗಿ ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಗಬೇಕಾಗುತ್ತದೆ, ಗುಡ್ಡದ ಆಚೆಯ ಟವರಿನ ಸಿಗ್ನಲ್ ಮಳೆಯ ನಡುವೆ ಬರುವುದೂ ಹೋಗುವುದೂ ಆಗುತ್ತಿರುತ್ತದೆ.

ಕಳೆದ ಮಳೆಗಾಲದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನ ಮೇಲೆ ಇದೇ ದೂರು ಬಂತು. ಅವನು ನನಗೆ ಫೋನ್ ಮಾಡಿ, "ಆನು ಎಂತದೂ ಮಾಡಿದ್ದಿಲ್ಲೆ ಮಾವ" ಎಂದು ಅಳುವ ದನಿಯಲ್ಲಿ ಹೇಳಿದ. ಸರ್ವರಿನ ಲಾಗ್, ಅಂದರೆ ದಾಖಲೆಯ ಫೈಲ್, ತೆಗೆದು ನೋಡಿದಾಗ ಅವನ ಪಿಂಗ್, ಅಂದರೆ ಸುದ್ದಿ ಹೋಗಿ ಮರಳಲು ಹಿಡಿಯುವ ಕಾಲ, 70ರಿಂದ 900 ಮಿಲಿಸೆಕೆಂಡಿಗೆ ಏರಿ ಇಳಿದದ್ದು ಹಲವು ಸಲ ಕಂಡಿತು. ಅವನ ಮನೆಯಿಂದ ಎರಡು ಕಿಲೋಮೀಟರ್ ಆಚೆ, ಅದೇ ಕೇಬಲ್ ಆಪರೇಟರಿನ ಸಂಪರ್ಕದಲ್ಲಿ ಆಡುತ್ತಿದ್ದ ಇನ್ನೊಬ್ಬಳ ಪಿಂಗೂ ಅವೇ ಸೆಕೆಂಡುಗಳಲ್ಲಿ ಏರಿತ್ತು. ಅವನ ಸಂಪರ್ಕ ಕಡಿದ ಜಾಗಗಳನ್ನು ಟ್ರ್ಯಾಕಿನ ನಕ್ಷೆಯ ಮೇಲೆ ಗುರುತು ಹಾಕಿದೆ. ನೇರ ದಾರಿಯಲ್ಲಿ, ತಿರುವಿನಲ್ಲಿ, ಯಾರೂ ಹತ್ತಿರ ಇಲ್ಲದಿದ್ದಾಗ, ಹೀಗೆ ಎಲ್ಲೆಂದರಲ್ಲಿ ಚುಕ್ಕಿಗಳು ಹರಡಿಕೊಂಡಿದ್ದವು. ಬೇಕೆಂದೇ ಕಡಿಯುವವನ ಚುಕ್ಕಿಗಳು ಹೀಗಿರುವುದಿಲ್ಲ. ಓವರ್‌ಟೇಕ್ ಮಾಡುವ ಕಡೆ, ಎದುರಾಳಿ ಅಸ್ತ್ರ ಎಸೆದ ಕ್ಷಣದಲ್ಲಿ, ಕೊನೆಯ ಲ್ಯಾಪಿನಲ್ಲಿ ಗುಂಪುಗೂಡಿರುತ್ತವೆ, ಮತ್ತು ಅವನಿಗೆ ಪ್ರತಿ ಸಲವೂ ಲಾಭವೇ ಆಗಿರುತ್ತದೆ. ಆ ನಕ್ಷೆಯನ್ನು ಕೂಟದ ವಾಟ್ಸಾಪ್ ಗುಂಪಿಗೆ ಹಾಕಿದೆ. ಶಾಲೆಯಲ್ಲಿ ಲಿಟ್ಲ್ ಕೈಟ್ಸ್ ಎಂಬ ಐಟಿ ಕ್ಲಬ್ ಸೇರಿ ಲಿನಕ್ಸ್ ಬಳಸಿ ಗೊತ್ತಿದ್ದ ಹೈಸ್ಕೂಲಿನ ಇಬ್ಬರು ಲಾಗ್ ಫೈಲನ್ನು ತಾವೇ ಓದಿ, ಲೆಕ್ಕ ಸರಿಯಿದೆಯೆಂದರು. ದೂರು ಕೊಟ್ಟವರು ಒಪ್ಪಿಕೊಂಡರು.

ಆದರೆ ಪ್ರತಿ ಸಲ ಇಷ್ಟು ವಿಚಾರಣೆ ನಡೆಸುವುದಕ್ಕಿಂತ, ಲ್ಯಾಗಿನಿಂದ ಯಾರಿಗೂ ಲಾಭವಾಗದಂತೆ ಆಟವನ್ನೇ ಕಟ್ಟುವುದು ಉತ್ತಮ. ಸರ್ವರಿಗೆ ಅಧಿಕಾರವಿರುವ ವ್ಯವಸ್ಥೆಯಲ್ಲಿ ಇದು ಕಷ್ಟವಲ್ಲ. ಆಜ್ಞೆ ಬಾರದಿದ್ದರೆ ಕಾರು ಕೊನೆಯ ಆಜ್ಞೆಯಂತೆಯೇ ಸಾಗಿ ಗೋಡೆಗೆ ಬಡಿಯಲಿ. ತಡವಾಗಿ ಬಂದ ಆಜ್ಞೆ ಬಂದ ಕ್ಷಣದಿಂದ ಮಾತ್ರ ಜಾರಿಯಾಗಲಿ, ಕಳೆದುಹೋದ ಕಾಲಕ್ಕೆ ಅನ್ವಯಿಸದಿರಲಿ. ಆಗ ಸಂಪರ್ಕ ಕಡಿದವನು ಬೇಕೆಂದು ಕಡಿದನೋ, ಮಳೆ ಕಡಿಯಿತೋ ಎಂದು ಅವನ ಮನಸ್ಸನ್ನು ಬಗೆದು ನೋಡುವ ಅಗತ್ಯವೇ ಬೀಳುವುದಿಲ್ಲ. ಹಳ್ಳಿಯ ಹುಡುಗ ಒಂದು ರೇಸ್ ಸೋಲಬಹುದು, ಅವನ ಮೇಲೆ ಕಳ್ಳನೆಂಬ ಹೆಸರು ಬರುವುದಿಲ್ಲ. ಅತಿಯಾದ ಲ್ಯಾಗ್ ಇರುವ ಕಾರನ್ನು ಸ್ವಲ್ಪ ಹೊತ್ತು ಇತರರಿಗೆ ತಾಗದ ನೆರಳಿನಂತೆ ಮಾಡುವ ಆಟಗಳೂ ಇವೆ, ಅದರಿಂದ ಅಕ್ಕಪಕ್ಕದವರಿಗೆ ಅನ್ಯಾಯದ ಗುದ್ದು ತಪ್ಪುತ್ತದೆ. ಸೂಪರ್‌ಟಕ್ಸ್‌ಕಾರ್ಟ್ ಸರ್ವರಿನ ಸೆಟ್ಟಿಂಗಿನಲ್ಲಿ ಪಿಂಗಿಗೆ ಒಂದು ಮಿತಿ ಇಟ್ಟು, ಅದನ್ನು ಮೀರಿದವರನ್ನು ತಾನಾಗಿ ಹೊರಹಾಕುವ ಆಯ್ಕೆ ಇದೆ. ನಾನು ಅದನ್ನು ಆನ್ ಮಾಡುವುದಿಲ್ಲ. ಮಾಡಿದರೆ ಮೊದಲು ಹೋಗುವವರು ಎಣ್ಮಕಜೆಯ ಗುಡ್ಡದ ಮಕ್ಕಳು, ಕಳ್ಳರಲ್ಲ.

ತಡೆಯುವ ವಿಧಾನದಲ್ಲಿಯೂ ಇದೇ ವಿವೇಕ ಬೇಕು. ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ನೋಡಿ ಬ್ಯಾನ್ ಮಾಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳು ಸಾಲದ ಕಾರಣ ಇಂಟರ್ನೆಟ್ ಕಂಪೆನಿಗಳು ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ನಿಮ್ಮ ರೂಟರಿಗೆ ಸಿಕ್ಕಿದ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ನೀವೂ ಆ ಸಾಲಿನಲ್ಲಿದ್ದೀರಿ. ಅಂಥ ವಿಳಾಸವನ್ನು ಬ್ಯಾನ್ ಮಾಡಿದರೆ ಒಬ್ಬ ಕಳ್ಳನ ಜತೆ ಊರಿಗೆ ಊರೇ ಹೊರಗುಳಿಯುತ್ತದೆ, ಕಳ್ಳನಾದರೋ ರೂಟರನ್ನು ಆರಿಸಿ ಹೊತ್ತಿಸಿ ಇಲ್ಲವೇ ವಿಳಾಸ ಮರೆಮಾಡುವ ವಿಪಿಎನ್ ಹಾಕಿ ಮರಳಿ ಬರುತ್ತಾನೆ. ನಮ್ಮ ಬಂಧುವಿನ ಮಗನೊಬ್ಬ ಹಣ ಕೊಟ್ಟು ಕೊಂಡ ಆಟವೊಂದರಿಂದ ಕಾರಣವನ್ನೇ ತಿಳಿಸದೆ ಹೊರದೂಡಲ್ಪಟ್ಟ. ಬರೆದ ಪತ್ರಗಳಿಗೆಲ್ಲ ಯಂತ್ರ ಬರೆದ ಒಂದೇ ಉತ್ತರ ಬಂತು. ಅವನು ತಪ್ಪು ಮಾಡಿರಲಿಲ್ಲವೆಂದು ಖಚಿತವಾಗಿ ಹೇಳಲು ನನ್ನ ಬಳಿ ದಾಖಲೆಯಿಲ್ಲ. ಅವನ ಬಳಿಯೂ ಇಲ್ಲ, ಏಕೆಂದರೆ ಯಾರೂ ಅದನ್ನು ಅವನಿಗೆ ತೋರಿಸಲಿಲ್ಲ. ನನ್ನ ಆಕ್ಷೇಪವಿರುವುದು ಇದರ ಬಗ್ಗೆ.

ದೊಡ್ಡ ಕಂಪೆನಿಗಳು ತಡಮಾಡಿ ಬ್ಯಾನ್ ಮಾಡುವುದಕ್ಕೆ ಒಂದು ಕಾರಣವಿದೆ. 2002ರಿಂದ ಬಳಕೆಯಲ್ಲಿರುವ ವಾಲ್ವ್ ಕಂಪೆನಿಯ ವ್ಯಾಕ್ ಎಂಬ ಕಳ್ಳಾಟ ಹಿಡಿಯುವ ವ್ಯವಸ್ಥೆ, ಕಳ್ಳ ಪ್ರೋಗ್ರಾಂ ಪತ್ತೆಯಾದ ತಕ್ಷಣ ಬಾಗಿಲು ಹಾಕದೆ, ಕೆಲವು ಕಾಲದ ಬಳಿಕ ಹಲವರನ್ನು ಒಟ್ಟಿಗೆ ಹೊರಹಾಕುತ್ತದೆ. ಯಾವ ಗುರುತಿನಿಂದ ಸಿಕ್ಕಿಬಿದ್ದೆವೆಂದು ಕಳ್ಳಾಟದ ಪ್ರೋಗ್ರಾಂ ಬರೆಯುವವರಿಗೆ ತಿಳಿಯಬಾರದೆಂಬುದು ಅದರ ಉದ್ದೇಶ. ಕಾರಣ ಒಪ್ಪತಕ್ಕದ್ದೇ, ಆದರೆ ರೇಸಿಂಗಿನಲ್ಲಿ ಆ ತಡದ ಅವಧಿಯಲ್ಲಿ ಪ್ರಾಮಾಣಿಕರು ಕಳೆದುಕೊಂಡ ಸ್ಥಾನಗಳನ್ನು ಮರಳಿ ಕೊಡುವ ವ್ಯವಸ್ಥೆಯೂ ಇರಬೇಕು. ಕಂಪ್ಯೂಟರಿನ ಒಳಭಾಗಕ್ಕೇ ಇಳಿದು ಎಲ್ಲವನ್ನೂ ಗಮನಿಸುವ ಕಾವಲು ಪ್ರೋಗ್ರಾಂಗಳ ಬಗ್ಗೆ ನನಗೆ ಒಲವಿಲ್ಲ. ಅಪ್ಪನ ಕೃಷಿ ಸೊಸೈಟಿಯ ಲೆಕ್ಕ, ಅಕ್ಕನ ಪರೀಕ್ಷೆಯ ಅರ್ಜಿ, ಮನೆಯ ಬ್ಯಾಂಕ್ ವ್ಯವಹಾರ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ನಡೆಯುವ ಮನೆಗಳಲ್ಲಿ ಒಂದು ಆಟಕ್ಕಾಗಿ ಅಷ್ಟು ಅಧಿಕಾರ ಕೊಡಿ ಎಂದು ಕೇಳುವುದು ಸರಿಯಲ್ಲ. ಬ್ಯಾನ್ ಖಾತೆಯ ಮೇಲಿರಲಿ, ಖಾತೆಗೆ ಏನಾದರೊಂದು ಬೆಲೆಯಿರಲಿ. 2008ರಲ್ಲಿ ಆರಂಭವಾದ ಐರೇಸಿಂಗ್ ಎಂಬ ಆನ್‌ಲೈನ್ ರೇಸಿಂಗ್ ಆಟದಲ್ಲಿ ಚಂದಾ ಕೊಟ್ಟು ನಿಜವಾದ ಹೆಸರಿನಲ್ಲೇ ಆಡಬೇಕು. ಅಲ್ಲಿ ಹೊರಹಾಕಲ್ಪಟ್ಟವನು ಕಳೆದುಕೊಳ್ಳುವುದು ಬಹಳ. ನಮ್ಮ ಕೂಟದಲ್ಲಿ ಹಣವಿಲ್ಲ, ಆದರೆ ಪ್ರತಿ ಖಾತೆಯ ಹಿಂದಿರುವ ಮುಖ ಯಾರಾದರೊಬ್ಬರಿಗೆ ಪರಿಚಯದ್ದು. ಅಷ್ಟು ಸಾಕಾಗುತ್ತದೆ.

ಯಾವ ಲೆಕ್ಕಕ್ಕೂ ಸಿಗದ ಮೋಸವೂ ಒಂದಿದೆ: ಬೇರೊಬ್ಬನನ್ನು ಕೂರಿಸಿ ಆಡಿಸುವುದು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಕಾಲದಲ್ಲಿ, ವಿದ್ಯುತ್ ಕಾರುಗಳ ರೇಸ್ ನಡೆಸುವ ಫಾರ್ಮುಲಾ ಇ ಸಂಸ್ಥೆಯವರು ಆರ್‌ಫ್ಯಾಕ್ಟರ್ 2 ಆಟದಲ್ಲಿ ನಡೆಸಿದ ಆನ್‌ಲೈನ್ ರೇಸಿನಲ್ಲಿ ಜರ್ಮನಿಯ ಚಾಲಕ ಡೇನಿಯಲ್ ಆಬ್ಟ್ ಮೂರನೆಯ ಸ್ಥಾನ ಪಡೆದರು. ನಿಜವಾಗಿ ಆಡಿದ್ದು ಸಿಮ್ಯುಲೇಟರ್ ಆಟದಲ್ಲಿ ಪಳಗಿದ ಇನ್ನೊಬ್ಬ ಯುವಕ. ಸಹಚಾಲಕರಿಗೆ ಸಂಶಯ ಬಂತು, ಸಂಘಟಕರು ಐಪಿ ವಿಳಾಸಗಳನ್ನು ಹೋಲಿಸಿ ನೋಡಿದರು, ಆಬ್ಟ್ ತಪ್ಪೊಪ್ಪಿಕೊಂಡರು. ಅನರ್ಹತೆಯ ಜತೆಗೆ 10,000 ಯೂರೋಗಳನ್ನು ದಾನವಾಗಿ ಕೊಡಬೇಕಾಯಿತು, ಅವರ ತಂಡವಾದ ಆಡಿ (Audi) ಅವರನ್ನು ಅಮಾನತಿನಲ್ಲಿಟ್ಟಿತು. ಐಪಿ ವಿಳಾಸ ಬಾಗಿಲು ಮುಚ್ಚಲು ಕೆಲಸಕ್ಕೆ ಬಾರದಿದ್ದರೂ ಹೀಗೆ ತನಿಖೆಗೆ ಒದಗುತ್ತದೆ.

ಕಾರನ್ನು ತಾನೇ ಓಡಿಸುವ ಬಾಟ್ ಪ್ರೋಗ್ರಾಂಗಳು ಇದಕ್ಕಿಂತಲೂ ಕಠಿಣ. ಬಾಟ್ ಕಳುಹಿಸುವುದು ಸರಿಯಾದ ಆಜ್ಞೆಗಳನ್ನೇ, ಸರಿಯಾದ ಕಾಲದಲ್ಲೇ. ಸರ್ವರ್ ಎಷ್ಟು ಸಲ ಲೆಕ್ಕ ಹಾಕಿದರೂ ತಪ್ಪು ಸಿಗುವುದಿಲ್ಲ. ಪ್ರತಿ ಲ್ಯಾಪಿನಲ್ಲಿ ಒಂದೇ ಗೆರೆಯಲ್ಲಿ ತಿರುಗುವುದು, ಎದುರಿನ ಬದಲಾವಣೆಗೆ ಯಾವಾಗಲೂ ಒಂದೇ ಅಂತರದಲ್ಲಿ ಪ್ರತಿಕ್ರಿಯಿಸುವುದು, ದಣಿವೇ ಇಲ್ಲದಿರುವುದು, ಇವೆಲ್ಲ ಸೂಚನೆಗಳಾಗಬಹುದು, ಆದರೆ ಬಾಟ್ ಬರೆಯುವವರು ಇವುಗಳಿಗೂ ಸ್ವಲ್ಪ ಅಂಕುಡೊಂಕು ಸೇರಿಸಬಲ್ಲರು. ಇಂಥ ಸೂಚನೆಗಳನ್ನು ನಾನು ತನಿಖೆ ಆರಂಭಿಸಲು ಬಳಸುತ್ತೇನೆ, ಮುಗಿಸಲು ಬಳಸುವುದಿಲ್ಲ. ಸಂಶಯ ಬಂದವರನ್ನು ಓಣಂ ರಜೆಯಲ್ಲಿ ಊರಿನ ವಾಚನಾಲಯದ ಹಾಲಿಗೆ ಬರಹೇಳುತ್ತೇವೆ. ಅಲ್ಲಿ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಜೋಡಿಸಿದ ಕಂಪ್ಯೂಟರುಗಳು, ಒಂದೇ ಬಗೆಯ ಕೀಬೋರ್ಡುಗಳು, ನಾನೇ ಹಿಂದಿನ ದಿನ ಇನ್‌ಸ್ಟಾಲ್ ಮಾಡಿದ ಆಟ ಇರುತ್ತವೆ. ಅವರು ಆಡಿದ ಓಟದ ಆಜ್ಞೆಗಳನ್ನು ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟು ಎಲ್ಲರೆದುರೇ ನೋಡುತ್ತೇವೆ. ಊರಿಗೆ ಬರಲಾಗದ ಗಲ್ಫಿನವರು ಕೈ ಮತ್ತು ಕೀಬೋರ್ಡ್ ಕಾಣುವಂತೆ ಫೋನಿನ ಕ್ಯಾಮೆರಾ ಇಟ್ಟು ಆಡಬೇಕೆಂದು ಈ ವರ್ಷದಿಂದ ಗೊತ್ತು ಮಾಡಿದ್ದೇವೆ. ಬ್ಯಾನ್ ಆದವರಿಗೆ ಕಳುಹಿಸುವ ಸಂದೇಶದಲ್ಲಿ ರೇಸಿನ ದಿನಾಂಕ, ತಪ್ಪಿದ ಲೆಕ್ಕ, ಲಾಗ್ ಫೈಲ್, ಉತ್ತರ ಕೊಡಲು ಎರಡು ವಾರಗಳ ಗಡುವು ಇರುತ್ತದೆ. ಮನೆಯ ಹಿರಿಯರಿಗೂ ಓದಲು ಬರುವಂತೆ ಅದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದಿರುತ್ತೇವೆ.